ಬೆಂಗಳೂರು–ಮಂಗಳೂರು: ವಿಮಾನವೋ, ರಾತ್ರಿ ಬಸ್ಸೋ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 300 ಕಿ.ಮೀ., ಹಾರಾಟ ಒಂದು ಗಂಟೆ ಅಷ್ಟೇ. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಬಸ್ಸಿಗೆ ಏಳೆಂಟು ಗಂಟೆ. ಇಷ್ಟೇ ನೋಡಿ ಟಿಕೆಟ್ ಬುಕ್ ಮಾಡಬೇಡಿ. ಜಯನಗರದಿಂದ ಏರ್‌ಪೋರ್ಟಿಗೆ ಟ್ರಾಫಿಕ್‌ನಲ್ಲಿ ಎರಡು ಗಂಟೆ, ಚೆಕ್‌-ಇನ್, ಸೆಕ್ಯುರಿಟಿ ಅಂತ ಇನ್ನೊಂದೂವರೆ ಗಂಟೆ, ಆಮೇಲೆ ಬಜ್ಪೆ ಗುಡ್ಡದಿಂದ ಊರೊಳಗೆ ಬರೋಕೆ ಮತ್ತೆ ಅರ್ಧ ಗಂಟೆ. ಒಟ್ಟು ಐದು ಗಂಟೆ ಆಯ್ತು ಅಲ್ವಾ? ಏರ್‌ಪೋರ್ಟಿಗೆ ಹತ್ತಿರದ ಹೆಬ್ಬಾಳ, ಯಲಹಂಕದವರಿಗೆ ವಿಮಾನವೇ ಸರಿ. ದಕ್ಷಿಣ ಬೆಂಗಳೂರಿನವರು ರಾತ್ರಿ ಸ್ಲೀಪರ್ ಹತ್ತಿ ಮಲಗಿದರೆ ಬೆಳಿಗ್ಗೆ ಮಂಗಳೂರು, ಹಗಲು ಪೂರ್ತಿ ಕೈಗೆ ಸಿಗುತ್ತದೆ. ಮಳೆಗಾಲದ ಲೆಕ್ಕ ಮಾತ್ರ ಬೇರೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಬಸ್ಸು ಬೇರೆ ದಾರಿ ಸುತ್ತಬೇಕು. ಬಜ್ಪೆಯಲ್ಲಿ ಮೋಡ ಕವಿದರೆ ವಿಮಾನವೂ ಇಳಿಯದೆ ವಾಪಸ್ ಬಂದದ್ದುಂಟು. ಜುಲೈಯಲ್ಲಿ ಪರೀಕ್ಷೆ, ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಹೊರಡಿ.