ಸರಪಳಿ, ಉದ್ದ ಸಾಲು, ಎರಡು ವೃತ್ತ: ಡಾನ್ಸಿನಲ್ಲಿ ಜೋಡಿ ಬದಲಿಸೋಕೆ ಯಾವುದು ಒಳ್ಳೇದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ವೃತ್ತಕ್ಕೆ. ಸರಪಳಿ ಎರಡು ಗುರುವಾರ ಸಾಲಾಗಿ ನನ್ನ ಮಾನ ತೆಗೆದಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನಿರುವುದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಗುರುವಾರ ರಾತ್ರಿ ಚರ್ಚ್ ಹಾಲಿನಲ್ಲಿ ಇಂಗ್ಲಿಷ್ ಕಂಟ್ರಿ ಡಾನ್ಸ್ ನಡೆಯುತ್ತದೆ. ಎಂಟೊಂಬತ್ತು ಜೋಡಿ ಸೇರುತ್ತೇವೆ, ಮಧ್ಯೆ ಚಹಾ, ಬಿಸ್ಕತ್ತು. ಏಳು ವರ್ಷ ಬೇರೆಯವರು ಕಟ್ಟಿದ ಡಾನ್ಸುಗಳನ್ನು ಕುಣಿದಿದ್ದೇನೆ. ಈ ವರ್ಷ ನಾನೇ ಒಂದು ಕಟ್ಟುವ ಹುಚ್ಚು ಹತ್ತಿತು. ನನಗೆ ಬೇಕಾಗಿದ್ದು ಎರಡೇ. ಪ್ರತಿ ಸಲವೂ ಜೋಡಿ ಬದಲಾಗಬೇಕು. ಹಳಬರಿಗೂ ಸ್ವಲ್ಪ ತಲೆ ಬಿಸಿಯಾಗಬೇಕು.

ಹಳೆಯದನ್ನು ನೋಡಿ ಕಲಿಯೋಣ ಅಂದರೆ ಜಾಸ್ತಿ ಏನೂ ಸಿಗುವುದಿಲ್ಲ. 1651ರಲ್ಲಿ ಜಾನ್ ಪ್ಲೇಫೋರ್ಡ್ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ 105 ಡಾನ್ಸುಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಯಾರ ಜೊತೆ ಶುರು ಮಾಡಿದಿರೋ ಅವರ ಜೊತೆಗೇ ಮುಗಿಸುತ್ತೀರಿ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಕಾಲದಲ್ಲೂ ಒಬ್ಬರನ್ನು ಒಪ್ಪಿಕೊಂಡರೆ ಸಾಲಾಗಿ ಎರಡು ಡಾನ್ಸ್ ಅವರ ಜೊತೆಯೇ. ಬೇಜಾರಾದರೂ ಅಷ್ಟೇ!

ಮೂರು ವಿಧಾನಕ್ಕೂ ಒಂದೇ ಟ್ಯೂನ್ ಇಟ್ಟುಕೊಂಡೆ, 32 ಬಾರಿನ ಜಿಗ್, ಅಂದರೆ ಚುರುಕಾದ ಕುಣಿತದ ಟ್ಯೂನ್. ಬಾರ್ ಅಂದರೆ ಎರಡು ಹೆಜ್ಜೆಯಷ್ಟು ಸಂಗೀತದ ಅಳತೆ. ಎಂಟೆಂಟು ಬಾರಿನ ನಾಲ್ಕು ತುಂಡು, ತುಂಡಿಗೆ 16 ಹೆಜ್ಜೆ. ಒಟ್ಟು 64 ಹೆಜ್ಜೆಯಲ್ಲಿ ಎಲ್ಲ ಮುಗಿದು, ಎದುರಿಗೆ ಹೊಸಬರು ನಿಂತಿರಬೇಕು.

ಮೊದಲು ಸರಪಳಿ. ಎಲ್ಲರೂ ದೊಡ್ಡ ವೃತ್ತದಲ್ಲಿ ಜೋಡಿಗೆ ಮುಖ ಮಾಡಿ ನಿಲ್ಲುತ್ತೇವೆ. ಬಲಗೈ ಕೊಟ್ಟು ದಾಟು, ಮುಂದಿನವರಿಗೆ ಎಡಗೈ ಕೊಟ್ಟು ದಾಟು, ಹೀಗೇ ಮುಂದೆ. ಜಡೆ ಕೋಲಾಟ ಆಡಿ ಬೆಳೆದವರಿಗೆ ಈ ನುಸುಳಾಟ ಹೊಸದೇನಲ್ಲ. ಕೈಗೆ ನಾಲ್ಕು ಹೆಜ್ಜೆಯಂತೆ 16 ಹೆಜ್ಜೆಗೆ ನಾಲ್ಕು ಕೈ. ಐದನೆಯವರು ಹೊಸ ಜೋಡಿ. ಕಾಗದದ ಮೇಲೆ ಚೆನ್ನಾಗೇ ಇತ್ತು.

ಆ ಗುರುವಾರ ಎಂಟು ಜೋಡಿ ಬಂದಿದ್ದರು. ಮೊದಲ ಸಲ ಮುಗಿದಾಗ ಎದುರಿಗೆ ಹೊಸ ಮುಖ. ನನಗೆ ಒಳಗೊಳಗೇ ಖುಷಿ. ಎರಡನೇ ಸಲ ಮುಗಿದಾಗ ನೋಡಿದರೆ ಮೊದಲಿನವರೇ ಕೈ ಚಾಚಿ ನಿಂತಿದ್ದಾರೆ. ‘ಓ, ಮತ್ತೆ ನೀವೇನಾ?’ ಅಂದರು. ಯಾರೋ ದಾರಿ ತಪ್ಪಿರಬೇಕು ಅಂದುಕೊಂಡೆ. ಯಾರೂ ತಪ್ಪಿರಲಿಲ್ಲ. ಏಳು ಸಲ ಕುಣಿದೆವು, ಒಬ್ಬೊಬ್ಬರಿಗೂ ಸಿಕ್ಕಿದ್ದು ಇಬ್ಬರೇ ಇಬ್ಬರು. ಜೋಡಿ ಬದಲಾಗುವ ಡಾನ್ಸ್ ಅಂತ ಕರೆದು ಹೀಗೆ ಮಾಡಿದರೆ ಜನ ನಗದೆ ಏನು ಮಾಡುತ್ತಾರೆ?

ಮುಂದಿನ ವಾರ ನಾಲ್ಕು ಕೈ ತೆಗೆದು ಮೂರು ಮಾಡಿದೆ. ಉಳಿದ ನಾಲ್ಕು ಹೆಜ್ಜೆಗೆ ಒಂದು ವಂದನೆ ತುಂಬಿಸಿದೆ. ಎಂಟು ಜೋಡಿಗೆ ಇದು ಸರಿಯಾಗಿ ಕೂರುತ್ತಿತ್ತು, ಲೆಕ್ಕ ಹಾಕಿಯೇ ಹೋಗಿದ್ದೆ. ಅವತ್ತೇ ಯಾರದೋ ಮನೆಗೆ ನೆಂಟರು ಬಂದು ಒಂಬತ್ತನೇ ಜೋಡಿ ಸೇರಿಕೊಂಡಿತು. ಮೂರು ಸಲ ಆಗುತ್ತಿದ್ದಂತೆ ಮತ್ತೆ ಮೊದಲಿನವರೇ ಎದುರಿಗೆ. ಈ ಸಲ ಅವರು ಏನೂ ಹೇಳಲಿಲ್ಲ, ಸುಮ್ನೆ ಹುಬ್ಬು ಏರಿಸಿದರು. ಅದು ಇನ್ನೂ ಕಷ್ಟ.

ಮನೆಗೆ ಬಂದವನೇ ಊಟದ ಮೇಜಿನ ಮೇಲೆ ಎಂಟು ಲವಂಗ, ಎಂಟು ಏಲಕ್ಕಿ ಜೋಡಿಸಿದೆ. ಲವಂಗಕ್ಕೆ ತಲೆ ಇರುವುದರಿಂದ ಯಾರು ಯಾವ ಕಡೆ ಮುಖ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಏಲಕ್ಕಿಗೆ ಪೆನ್ನಿನಲ್ಲಿ ಚುಕ್ಕೆ ಇಟ್ಟೆ. ಅವನ್ನು ಸರಿಸುತ್ತಾ ಕೂತಿದ್ದಾಗ ಮಗಳು ಬಂದು ನೋಡಿ, ‘ಅಪ್ಪಾ, ಇದು ಮ.ಸಾ.ಅ. ಅಷ್ಟೇ’ ಅಂದಳು. ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡೂ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ನಿಜ. ನಾಲ್ಕು ಕೈ ಅಂದರೆ ನಾಲ್ಕು ಜಾಗ ಮುಂದೆ. ಎಂಟಕ್ಕೂ ನಾಲ್ಕಕ್ಕೂ ಮ.ಸಾ.ಅ. ನಾಲ್ಕು. ಎಂಟನ್ನು ಅದರಿಂದ ಭಾಗಿಸಿದರೆ ಎರಡು, ಸಿಗುವುದೂ ಇಬ್ಬರೇ. ಒಂಬತ್ತು ಜೋಡಿಗೆ ಮೂರು ಕೈ ಇಟ್ಟರೆ ಮೂವರು. ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೆ, ಚರ್ಚ್ ಹಾಲಿನಲ್ಲಿ ಎದುರಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಎಲ್ಲ ಕಡೆ ಕುಣಿಯುವ ಸರಪಳಿ ಡಾನ್ಸ್ ಲಕ್ಕಿ ಸೆವೆನ್‌ನಲ್ಲೂ ಇದೇ ಗುಂಡಿ ಇದೆ. ಅಲ್ಲಿ ಜೋಡಿಯನ್ನೇ ಒಂದು ಅಂತ ಎಣಿಸಿ, ಏಳನೆಯವರನ್ನು ಹಿಡಿಯಬೇಕು. ಅಂದರೆ ಆರು ಜಾಗ ಮುಂದೆ. ಆರೇ ಜೋಡಿ ಇದ್ದರೆ ಏಳನೆಯವರು ನಿಮ್ಮ ಸ್ವಂತ ಜೋಡಿಯೇ. ಜನ ತುಂಬಿರುವ ಹಾಲಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಂಥ ಸಣ್ಣ ಗುಂಪಿನಲ್ಲಿ ಮಾತ್ರ ಬಣ್ಣ ಬಯಲು.

ಬಂದ ತಲೆ ಎಣಿಸಿ ಕೈಗಳ ಸಂಖ್ಯೆ ಬದಲಿಸಬಹುದಲ್ವಾ ಅನ್ನಬಹುದು. ಐದು ಕೈ 16 ಹೆಜ್ಜೆಗೆ ಹಿಡಿಸುವುದಿಲ್ಲ, ಓಡಬೇಕಾಗುತ್ತದೆ. ಚಹಾ ಆದ ಮೇಲೆ ಒಂದು ಜೋಡಿ ಮನೆಗೆ ಹೊರಟರೆ ಮತ್ತೆ ಹೊಸ ಲೆಕ್ಕ. ನಿಮ್ಮಲ್ಲಿ ಯಾವಾಗಲೂ ಏಳೇ ಜೋಡಿ ಬರುತ್ತಾರೆ ಅಂದರೆ ಸರಪಳಿ ಇಟ್ಟುಕೊಳ್ಳಿ. ನನಗೆ ಸಾಕು.

ಉದ್ದ ಸಾಲು. ಎರಡು ಸಾಲು ಎದುರು ಬದುರು. ಪ್ರತಿ ಸಲದ ಕೊನೆಗೆ ಒಂದು ಸಾಲು ಒಂದು ಜಾಗ ಕೆಳಗೆ ಸರಿಯುತ್ತದೆ, ಕೆಳತುದಿಯವರು ಮೇಲಕ್ಕೆ ಓಡಬೇಕು. ಲೆಕ್ಕ ಎಂದೂ ತಪ್ಪುವುದಿಲ್ಲ, ಆದರೆ ಓಡಿದವರು ಏದುಸಿರು ಬಿಡುತ್ತಾ ತಡವಾಗಿ ಬಂದು ಮೊದಲ ನಾಲ್ಕು ಹೆಜ್ಜೆ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಮೊಣಕಾಲು ನೋವಿನವರು. ಒಂದೇ ಸಂಜೆಗೆ ಇದನ್ನು ಕೈಬಿಟ್ಟೆ.

ಈಗ ಎರಡು ವೃತ್ತ. ಒಳಗಿನವರು ಹೊರಗೆ ಮುಖ ಮಾಡಿ, ಹೊರಗಿನವರು ಒಳಗೆ ಮುಖ ಮಾಡಿ ನಿಲ್ಲುವುದು. ಎದುರಿಗಿರುವವರು ಜೋಡಿ. ನಮ್ಮ ಗುಂಪಿನಲ್ಲಿ ಹೆಂಗಸರೇ ಜಾಸ್ತಿ. ‘ಗಂಡಸರು ಹೀಗೆ, ಹೆಂಗಸರು ಹಾಗೆ’ ಅಂತ ಕೂಗಿದರೆ ಗಲಿಬಿಲಿ, ‘ಒಳಗಿನವರು, ಹೊರಗಿನವರು’ ಅಂದರೆ ಸಾಕು.

ಕಷ್ಟವನ್ನು ಇಟ್ಟಿದ್ದು ಬೇರೆ ಕಡೆ. ಮೊದಲ ತುಂಡು ಜೋಡಿಯ ಜೊತೆ ಸುಲಭವಾಗಿ ಮುಗಿಯುತ್ತದೆ. ಎರಡನೆಯದರಲ್ಲಿ ಬಲಕ್ಕೆ ಓರೆಯಾಗಿ ನಿಂತವರಿಗೆ ಬಲಗೈ ಕೊಟ್ಟು ಒಂದು ಸುತ್ತು, ಆಮೇಲೆ ಜೋಡಿಗೆ ಎಡಗೈ ಕೊಟ್ಟು ಒಂದು ಸುತ್ತು. ಮೂರನೆಯದರಲ್ಲಿ ಎರಡೂ ವೃತ್ತ ಕೈ ಹಿಡಿದು ಎಡಕ್ಕೆ ಎಂಟು ಹೆಜ್ಜೆ ಹೋಗಿ ಎಂಟು ಹೆಜ್ಜೆ ವಾಪಸ್. ಮುಖ ಮಾಡಿದ ದಿಕ್ಕು ಬೇರೆ ಆದ್ದರಿಂದ ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ವಾಪಸ್ ಬಂದಾಗ ಮೂವರಲ್ಲಿ ಯಾರೆದುರು ನಿಲ್ಲಬೇಕು ಅನ್ನೋದೇ ಪರೀಕ್ಷೆ. ಕೊನೆಯ ತುಂಡಿನಲ್ಲಿ ಎಡಕ್ಕೆ ಓರೆಯವರ ಜೊತೆ ಕೈ ಹಿಡಿಯದೆ, ಕಣ್ಣಲ್ಲಿ ಕಣ್ಣಿಟ್ಟು ಒಂದು ಸುತ್ತು. ಇದಕ್ಕೆ ಹಿಂದೆ ಜಿಪ್ಸಿ ಅನ್ನುತ್ತಿದ್ದರು, ಆ ಮಾತು ಅವಮಾನ ಅಂತ ಈಗ ಎಷ್ಟೋ ಕಡೆ ‘ಬಲ ಭುಜ ಸುತ್ತು’ ಅನ್ನುತ್ತಾರೆ. ಆಮೇಲೆ ಅವರದೇ ಎರಡೂ ಕೈ ಹಿಡಿದು ತಿರುಗಿ, ಅಲ್ಲೇ ನಿಂತರೆ ಅವರೇ ಹೊಸ ಜೋಡಿ.

ಹೀಗಾಗಿ ಒಬ್ಬೊಬ್ಬರೂ ನಿಮಗೆ ಮೂರು ಸಲ ಸಿಗುತ್ತಾರೆ. ಮೊದಲು ಬರುವವರಾಗಿ, ಆಮೇಲೆ ಜೊತೆಗಿರುವವರಾಗಿ, ಕೊನೆಗೆ ಹೋದವರಾಗಿ. ಒಂದೊಂದೇ ಜಾಗ ಸರಿಯುವುದರಿಂದ ಎಷ್ಟೇ ಜೋಡಿ ಬರಲಿ, ಲವಂಗ ಏಲಕ್ಕಿ ಬೇಕಿಲ್ಲ.

ಇದರಲ್ಲೂ ಒಂದು ಸಲ ಎಡವಿದೆ. ‘ಎಲ್ಲರೂ ಎಡಕ್ಕೆ ಒಂದು ಜಾಗ’ ಅಂತ ಕೂಗಿಬಿಟ್ಟೆ. ಎದುರು ಬದುರು ನಿಂತವರ ಎಡ ಬೇರೆ ಬೇರೆ ಅಲ್ವಾ? ಇಬ್ಬರೂ ಪೂರ್ತಿ ಒಂದು ಜಾಗ ಸರಿದು, ಮಧ್ಯೆ ಒಬ್ಬರು ತಪ್ಪಿಹೋದರು. ‘ಎಡಕ್ಕೆ ಓರೆ ಇರುವವರ ಹತ್ತಿರ ಹೋಗಿ’ ಅಂದರೆ ಇಬ್ಬರೂ ಅರ್ಧ ದಾರಿಯಲ್ಲಿ ಸೇರುತ್ತಾರೆ. ಅಷ್ಟೇ ರಿಪೇರಿ.

ದುಡ್ಡಿನ ಲೆಕ್ಕಕ್ಕೂ ಇದೇ ನನಗೆ ಹೊಂದಿತು. ಪಿಟೀಲು, ಅಕಾರ್ಡಿಯನ್ನಿನವರನ್ನು ವಾರವಾರ ಕರೆಸುವಷ್ಟು ನಮ್ಮ ಡಬ್ಬಿಯಲ್ಲಿ ಇಲ್ಲ. ನನ್ನ ಹತ್ತಿರ ಇರುವ ರೆಕಾರ್ಡಿಂಗ್ ಏಳು ಸಲ ನುಡಿಸಿ ನಿಲ್ಲುತ್ತದೆ. ಎಂಟು ಜೋಡಿ ಬಂದ ದಿನ ಏಳನೇ ಸಲ ಮುಗಿದಾಗ ನಮಸ್ಕಾರ ಮಾಡುವುದು ಎಂಟನೆಯವರಿಗೆ. ಮೊಟ್ಟಮೊದಲ ಸಲ ಬಲಕ್ಕೆ ಓರೆಯಾಗಿ ನಿಂತು, ನೀವಿನ್ನೂ ಅವರ ಜೋಡಿಯಾಗಿ ಕುಣಿಯದೇ ಇದ್ದಾಗಲೇ ‘ಹೋದವರ’ ಜಾಗದಲ್ಲಿ ಬಲಗೈ ಕೊಟ್ಟವರು ಅವರೇ.