ಎಸ್‌ಎಂ57, ಎಸ್‌ಎಂ58, ಎಸ್‌ಎಂ7ಬಿ: ಯಾವ ಮೈಕ್ ಯಾರಿಗೆ?

ವಾದ್ಯ, ಹಾಡು ಎರಡನ್ನೂ ರೆಕಾರ್ಡ್ ಮಾಡಬೇಕು, ಶೂರ್ ಕಂಪನಿಯ ಈ ಮೂರು ಡೈನಾಮಿಕ್ ಮೈಕ್‌ಗಳಲ್ಲಿ ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ.

ಮೊದಲ ಎರಡು ಅಣ್ಣತಮ್ಮಂದಿರಂತೆ. 57 ಬಂದದ್ದು 1965ರಲ್ಲಿ, 58 ಅದರ ಮರುವರ್ಷ. ಒಳಗಿನ ಕ್ಯಾಪ್ಸೂಲ್ (ಸದ್ದನ್ನು ಹಿಡಿಯುವ ಭಾಗ) ಹೆಚ್ಚುಕಡಿಮೆ ಒಂದೇ, ಬೇರೆಯಾಗಿರುವುದು ಮೂತಿ. 58ರ ದುಂಡನೆಯ ಜಾಲರಿಯೊಳಗೆ ಫೋಮ್ ಇದೆ. 'ಪ', 'ಬ' ಹೇಳುವಾಗಿನ ಗಾಳಿಯ ಹೊಡೆತವನ್ನು ಅದು ತಗ್ಗಿಸುತ್ತದೆ. 57ರ ಮೂತಿ ಚಪ್ಪಟೆ. ಗಿಟಾರ್ ಆಂಪ್‌ಗೋ ಸ್ನೇರ್ ಡ್ರಮ್‌ಗೋ ತೀರಾ ಹತ್ತಿರ ಇಡಬಹುದು. ಅದರಲ್ಲೇ ಹಾಡಬೇಕಾದರೆ ಒಂದು ಫೋಮ್ ಟೋಪಿ ಹಾಕಿ.

7ಬಿ ಬೆಲೆ ಇವುಗಳ ಕೆಲವು ಪಟ್ಟು. ಹತ್ತಿರದಿಂದ ಹಾಡಿದರೆ ದನಿ ತುಂಬಿಕೊಂಡು ನಯವಾಗಿ ಕೇಳುತ್ತದೆ, ನಿಜ. ಆದರೆ ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್, ಅಂದರೆ ಮೈಕ್‌ನ ಸಣ್ಣ ಸಿಗ್ನಲ್ ಅನ್ನು ಹಿಗ್ಗಿಸುವ ಬಲ, ಬೇಕು. ಕೆಲವು ಇಂಟರ್‌ಫೇಸ್‌ಗಳಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಗೇನ್ ಗುಂಡಿಯನ್ನು ಕೊನೆವರೆಗೆ ತಿರುಗಿಸಿದರೂ ಸಾಲದು, ಸುಮ್ನೆ ಗುಸುಗುಸು ಸದ್ದು ಜಾಸ್ತಿಯಾಗುತ್ತದೆ ಅಷ್ಟೇ.

ಬಾಳಿಕೆಯಲ್ಲಿ ಮೂರೂ ಗಟ್ಟಿ, ಆ ಚಿಂತೆ ಬಿಡಿ. ವಾದ್ಯವೇ ಜಾಸ್ತಿ ಎಂದರೆ 57. ಕೈಯಲ್ಲಿ ಹಿಡಿದು ವೇದಿಕೆಯಲ್ಲೂ ಹಾಡುವವರಿಗೆ 58. ಒಂದೇ ಕಡೆ ಕೂತು ದಿನವೂ ಹಾಡು ರೆಕಾರ್ಡ್ ಮಾಡುವವರು, ಗೇನ್‌ಗೆ ಕೊರತೆ ಇಲ್ಲದವರು 7ಬಿ ನೋಡಬಹುದು. ನಾನಾದರೆ 57 ತಗೊಳ್ಳುತ್ತೇನೆ. ನನ್ನದು ಹಾಡಿಗಿಂತ ಗಿಟಾರೇ ಹೆಚ್ಚು.