‘ಮ್ಯೂಟೆಡ್ ಬ್ರಾಸ್’ ಅಂತ ಬರೆದಿದ್ದನ್ನು ನಂಬಿ ದುಡ್ಡು ಕಟ್ಟಬೇಡಿ

ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ನಾಟಕಕ್ಕೆ, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡುವವರು ಮೈಸೂರಿನಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ಹೋದ ನವೆಂಬರಿನ ಸೇಲ್‌ನಲ್ಲಿ ಒಂದು ಸ್ಯಾಂಪಲ್ ಲೈಬ್ರರಿಗೆ (ನಿಜವಾದ ವಾದ್ಯದ ಸ್ವರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ, ಕೀಬೋರ್ಡಿನಲ್ಲಿ ನುಡಿಸೋಕೆ ಇಟ್ಟ ಸಂಗ್ರಹ) 9,200 ರೂಪಾಯಿ ಕೊಟ್ಟು ಕೈ ಸುಟ್ಟುಕೊಂಡೆ. ಕಂಪನಿ ಹೆಸರು ಹಾಕುವುದಿಲ್ಲ. ಇದೇ ಆಟವನ್ನು ನಾಳೆ ಇನ್ನೊಬ್ಬರು ಆಡಬಹುದು, ಹಾಗಾಗಿ ಆಟ ಹೇಗೆ ನಡೆಯಿತು ಅಂತ ಗೊತ್ತಿದ್ದರೆ ಸಾಕು.

ಆಗಿದ್ದಿಷ್ಟು. ಒಂದು ಹಾಸ್ಯ ನಾಟಕ. ಅದರಲ್ಲಿ ಮುನಿಸಿಕೊಂಡ ಮಾವ ರಂಗದ ಮೇಲೆ ಬರುವಾಗಲೆಲ್ಲ ಟ್ರಂಪೆಟ್ ಮೂಗಿನಲ್ಲಿ ಗೊಣಗಬೇಕು ಅಂತ ನಿರ್ದೇಶಕರ ಆಸೆ. ಅದಕ್ಕೆ ಮ್ಯೂಟ್ ಬೇಕು. ಟ್ರಂಪೆಟ್ಟಿನಂಥ ಹಿತ್ತಾಳೆ ವಾದ್ಯದ (ಬ್ರಾಸ್) ಅಗಲ ಬಾಯಿಗೆ ಸಿಕ್ಕಿಸುವ ಮುಚ್ಚಳದಂಥದ್ದು ಅದು, ದನಿಯನ್ನೇ ಬದಲಾಯಿಸುತ್ತದೆ. ನನ್ನ ಕೀಬೋರ್ಡಿನಲ್ಲಿ ‘ಮ್ಯೂಟೆಡ್ ಟ್ರಂಪೆಟ್’ ಇತ್ತು. ಬಹುತೇಕ ಎಲ್ಲರ ಕೀಬೋರ್ಡಿನಲ್ಲೂ ಇರುತ್ತದೆ, ಕೀಬೋರ್ಡುಗಳಿಗೆಲ್ಲ ಸಾಮಾನ್ಯವಾದ ‘ಜನರಲ್ ಮಿಡಿ’ ಪಟ್ಟಿಯ 128 ವಾದ್ಯಗಳಲ್ಲಿ ಅದು 60ನೆಯದು. ಜಾತ್ರೆಯ ಪೀಪಿ ಥರ ಕೇಳಿಸಿತು. ಆ ಹೊತ್ತಿಗೆ ಸರಿಯಾಗಿ ಈ ಲೈಬ್ರರಿಯ ಜಾಹೀರಾತು ಕಣ್ಣಿಗೆ ಬಿತ್ತು. ಟ್ರಂಪೆಟ್, ಟ್ರಾಂಬೋನ್, (ಫ್ರೆಂಚ್) ಹಾರ್ನ್ ಮೂರಕ್ಕೂ ಮ್ಯೂಟ್ ಇದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಡೆಮೊ ವಿಡಿಯೊ ಎರಡು ಸಲ ಕೇಳಿದೆ, ಸೊಗಸಾಗಿತ್ತು. ಆ ಡೆಮೊದಲ್ಲಿ ಬ್ರಾಸ್ ಜೊತೆ ಪಿಟೀಲು, ಡ್ರಮ್ಮು, ದೊಡ್ಡ ಸಭಾಂಗಣದ ಪ್ರತಿಧ್ವನಿ ಎಲ್ಲ ಸೇರಿತ್ತು ಅನ್ನೋದು ಆಮೇಲೆ ಹೊಳೆಯಿತು. ಮ್ಯೂಟ್ ಒಂದನ್ನೇ ಎಲ್ಲೂ ಕೇಳಿಸಿರಲಿಲ್ಲ.

ದುಡ್ಡು ಕಟ್ಟಿದೆ. 38 ಜಿಬಿ ಇಳಿಯೋಕೆ ಒಂದು ರಾತ್ರಿ, ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ತೆರೆದರೆ ಮೊದಲ ಪೆಟ್ಟು. ಇದಕ್ಕೆ ಪೂರ್ತಿ ಕಾಂಟ್ಯಾಕ್ಟ್ ಬೇಕಂತೆ, ಅಂದರೆ ಇಂಥ ಲೈಬ್ರರಿಗಳನ್ನು ನುಡಿಸುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್. ನನ್ನ ಹತ್ತಿರ ಇದ್ದಿದ್ದು ಅದರ ಉಚಿತ ಪ್ಲೇಯರ್. ಪೂರ್ತಿ ಕಾಂಟ್ಯಾಕ್ಟಿಗಂತ ಮಾಡಿದ ಲೈಬ್ರರಿ ಅದರಲ್ಲಿ 15 ನಿಮಿಷ ಓಡಿ ಬಾಯಿ ಮುಚ್ಚುತ್ತದೆ. ಕಂಪನಿಯ ಪುಟದಲ್ಲಿ ಈ ಮಾತು ಇತ್ತು, ಇಲ್ಲ ಅನ್ನಲ್ಲ. ತೀರ ಕೆಳಗೆ, ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ ಇತ್ತು.

ಸರಿ, 15 ನಿಮಿಷಕ್ಕೊಮ್ಮೆ ಮತ್ತೆ ಲೋಡ್ ಮಾಡಿಕೊಂಡು ಕೇಳುತ್ತಾ ಹೋದೆ. ಟ್ರಾಂಬೋನ್ ಮ್ಯೂಟ್ ಯಾಕೋ ಮಂಕಾಗಿತ್ತು. ಹಾರ್ನ್ ಅಂತೂ ಪಕ್ಕದ ಮನೆಯಲ್ಲಿ ಊದುತ್ತಿರುವ ಹಾಗಿತ್ತು. ನನ್ನ ಕಿವಿಯೇ ಸರಿಯಿಲ್ಲವೇನೋ ಅಂದುಕೊಂಡು, ನಮ್ಮ ಬಡಾವಣೆಯಲ್ಲೇ ಇರುವ ಒಬ್ಬ ಹಿರಿಯರ ಮನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಪೊಲೀಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ನಿವೃತ್ತರಾದವರು. ದಸರಾದಲ್ಲಿ ಅರಮನೆ ಮುಂದೆ ಆ ಬ್ಯಾಂಡ್ ಕೇಳಿಯೇ ನನಗೆ ಈ ಹುಚ್ಚು ಹಿಡಿದಿದ್ದು. ನಾವೆಲ್ಲ ಅವರನ್ನು ಮೇಷ್ಟ್ರು ಅಂತೀವಿ.

ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿದರು. “ಏನಪ್ಪಾ ಇದು, ಮ್ಯೂಟ್ ಎಲ್ಲಿ ಹಾಕವ್ರೆ? ಕಂಬಳಿ ಹೊದ್ಸವ್ರೆ ಅಷ್ಟೇ” ಅಂದರು.

ಆಮೇಲೆ ಬೀರುವಿನಿಂದ ತಮ್ಮ ಹಳೇ ಸ್ಟ್ರೈಟ್ ಮ್ಯೂಟ್ ತೆಗೆದರು. ಅಲ್ಯೂಮಿನಿಯಂನದು, ಒಂದು ಕಡೆ ಸೊಟ್ಟಗಾಗಿದೆ. ಮೈಮೇಲೆ ಉದ್ದಕ್ಕೆ ಮೂರು ಕಾರ್ಕ್ ಪಟ್ಟಿ. ಅದರಲ್ಲೊಂದು ಸವೆದು ತೆಳ್ಳಗಾಗಿದೆ ಅಂತ ಕಾಗದ ಅಂಟಿಸಿದ್ದಾರೆ. ಕಾರ್ಕ್ ಟ್ರಂಪೆಟ್ಟಿನ ಬಾಯೊಳಗೆ ಕಚ್ಚಿಕೊಳ್ಳುತ್ತದೆ, ಪಟ್ಟಿಗಳ ನಡುವಿನ ಸಂದಿಯಿಂದ ಸದ್ದು ಹೊರಗೆ ಬರುತ್ತದೆ. ಹಾಕಿ ಊದಿ ತೋರಿಸಿದರು. ಸದ್ದು ಸಣ್ಣದಾಯಿತು, ಆದರೆ ಮಂಕಾಗಲಿಲ್ಲ. ಕೆಳಗಿನ ಗುಂಗು ಹೋಗಿ ಮೇಲಿನ ಕೀರಲು ಉಳಿಯಿತು. ಜೋರಾಗಿ ಊದಿದಾಗ ತಗಡು ಹರಿದ ಹಾಗೆ ಕಿವಿಗೆ ಚುಚ್ಚಿತು. ನನ್ನ ಲೈಬ್ರರಿ ಮಾಡುತ್ತಿದ್ದದ್ದು ಇದರ ಉಲ್ಟಾ. ಮೇಲಿನದನ್ನು ಕತ್ತರಿಸಿ ಕೆಳಗಿನದನ್ನು ಉಳಿಸಿಕೊಂಡಿತ್ತು.

ಮ್ಯೂಟ್ ಅಂದರೆ ಒಂದೇ ಥರ ಅಂತಲೂ ಅಲ್ಲ. ಕಪ್ ಮ್ಯೂಟಿಗೆ ಮುಂದೆ ಬಟ್ಟಲಿರುತ್ತದೆ, ಅದರ ದನಿ ನಿಜವಾಗಿಯೂ ಮೆತ್ತಗೆ. ಹಾರ್ಮನ್ ಮ್ಯೂಟಿಗೆ ಸುತ್ತಲೂ ಕಾರ್ಕ್, ಸಂದಿಯೇ ಇಲ್ಲ. ಗಾಳಿಯೆಲ್ಲ ಮ್ಯೂಟಿನ ಹೊಟ್ಟೆಯೊಳಗಿಂದಲೇ ಬರಬೇಕು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅದರ ನಡುವಿನ ಕೊಳವೆ ತೆಗೆದು ನುಡಿಸುತ್ತಿದ್ದರು. ಪ್ಲಂಜರ್ ಅಂದರೆ ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೀವಲ್ಲ, ಅದೇ ರಬ್ಬರ್ ಬಟ್ಟಲು. ಕೋಲು ಕಿತ್ತು ಕೈಯಲ್ಲಿ ಹಿಡಿದು ‘ವಾ ವಾ’ ಅನ್ನಿಸುತ್ತಾರೆ. ಹಾರ್ನಿನವರು ಮ್ಯೂಟನ್ನೂ ಹಾಕುತ್ತಾರೆ, ಕೆಲವೊಮ್ಮೆ ಕೈಯನ್ನೇ ಒಳಗೆ ತುರುಕಿ ಪೂರ್ತಿ ಮುಚ್ಚುತ್ತಾರೆ. ಆಗ ಸ್ವರ ಅರ್ಧ ಮೆಟ್ಟಿಲು ಏರುತ್ತದೆ, ನುಡಿಸುವವರು ಅಷ್ಟು ಕೆಳಗಿನ ಸ್ವರ ಹಿಡಿದು ಸರಿಮಾಡಿಕೊಳ್ಳಬೇಕು. ಎರಡರ ದನಿಯೂ ಬೇರೆ. ನನ್ನ ಲೈಬ್ರರಿಯಲ್ಲಿ ಎಲ್ಲಕ್ಕೂ ಸುಮ್ನೆ ‘ಮ್ಯೂಟ್’ ಅಂತ ಒಂದೇ ಹೆಸರು. ಯಾವ ಮ್ಯೂಟ್ ಅಂತ ಕೊಳ್ಳುವ ಮೊದಲು ಕೇಳಲಿಲ್ಲ, ಅದು ನನ್ನದೇ ತಪ್ಪು.

ಅನುಮಾನ ಗಟ್ಟಿಯಾಗಿದ್ದು ಒಂದು ಕುರ್ಚಿಯಿಂದ. ಟ್ರಾಂಬೋನಿನ ಮಾಮೂಲಿ ದನಿಯಲ್ಲಿ ಒಂದು ಸ್ವರ ಒತ್ತಿ ಹಿಡಿದಾಗ, ಒಂದು ಸೆಕೆಂಡ್ ಕಳೆದ ಮೇಲೆ ಹಿಂದೆ ಎಲ್ಲೋ ‘ಕಿರ್’ ಅಂತ ಕುರ್ಚಿ ಸದ್ದು. ಪರವಾಗಿಲ್ಲ, ಮನುಷ್ಯರು ಕೂತು ನುಡಿಸಿದ್ದಲ್ವಾ. ಮ್ಯೂಟ್ ದನಿಯಲ್ಲಿ ಅದೇ ಸ್ವರ ಒತ್ತಿದೆ. ಅದೇ ಜಾಗದಲ್ಲಿ ಅದೇ ‘ಕಿರ್’, ಸ್ವಲ್ಪ ಮಂಕಾಗಿ. ಬೇರೆ ಬೇರೆ ರೆಕಾರ್ಡಿಂಗ್ ಆಗಿದ್ದರೆ ಕುರ್ಚಿ ಎರಡೂ ಸಲ ಅಷ್ಟು ತಾಳಬದ್ಧವಾಗಿ ಕಿರುಗುಟ್ಟೋಕೆ ಸಾಧ್ಯವಿಲ್ಲ. ಹಾರ್ನಿನಲ್ಲಿ ನುಡಿಸುವವರ ಉಸಿರೂ ಹಾಗೇ ಸಿಕ್ಕಿಬಿತ್ತು. ಅಂದರೆ ಮಾಮೂಲಿ ದನಿಯನ್ನೇ ಮಂಕು ಮಾಡಿ ‘ಮ್ಯೂಟ್’ ಅಂತ ಮಾರಿದ್ದರು. ಟ್ರಂಪೆಟ್ ಒಂದಕ್ಕೆ ಮಾತ್ರ ನಿಜವಾದ ಮ್ಯೂಟ್ ಹಾಕಿದ್ದರು. ಅದರಲ್ಲೂ ಒಂದೊಂದು ಸ್ವರಕ್ಕೆ ಒಂದೇ ಸ್ಯಾಂಪಲ್. ಅದೇ ಸ್ವರ ಬೇಗ ಬೇಗ ನಾಲ್ಕು ಸಲ ನುಡಿಸಿದರೆ ಹೊಲಿಗೆ ಮೆಷಿನ್ ಓಡಿದ ಹಾಗೆ ಕೇಳಿಸುತ್ತದೆ.

ಖಚಿತ ಮಾಡಿಕೊಳ್ಳೋಕೆ ಇನ್ನೊಂದು ಕೆಲಸ ಮಾಡಿದೆ. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದವರು ತಮ್ಮ ವಾದಕರು ನುಡಿಸಿದ ಸಾವಿರಾರು ಬಿಡಿ ಸ್ವರಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ನಮ್ಮ ಜಯಚಾಮರಾಜ ಒಡೆಯರ್ 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಮೈಸೂರಿನ ದುಡ್ಡು ಆಗ ಅಲ್ಲಿಗೆ ಹೋಗಿತ್ತು, ಬಡ್ಡಿ ಈಗ ನನಗೆ ಬಂತು ಅಂದುಕೊಂಡೆ. ಅಲ್ಲಿಂದ ಟ್ರಾಂಬೋನಿನ ಒಂದು ಮಾಮೂಲಿ ಸ್ವರ ಇಳಿಸಿ, ಮೇಲಿನ ಕಂಪನಗಳನ್ನು ಕತ್ತರಿಸುವ ಫಿಲ್ಟರ್ ಹಾಕಿದೆ. ಹತ್ತು ನಿಮಿಷದಲ್ಲಿ ನಾನು ದುಡ್ಡು ಕೊಟ್ಟು ಕೊಂಡ ‘ಮ್ಯೂಟ್’ ಮನೆಯಲ್ಲೇ ತಯಾರಾಯಿತು.

ಕಂಪನಿಗೆ ಬರೆದೆ, ಎರಡು ಸ್ವರಗಳ ಫೈಲನ್ನೂ ಕಳಿಸಿದೆ. ಐದು ದಿನ ಬಿಟ್ಟು ಉತ್ತರ ಬಂತು. ಸೀರಿಯಲ್ ನಂಬರ್ ಹಾಕಿಯಾಗಿದೆ, ಹಾಗಾಗಿ ದುಡ್ಡು ವಾಪಸ್ ಇಲ್ಲ. ಬೇರೆಯವರಿಗೆ ಮಾರುವ ಹಾಗೂ ಇಲ್ಲ. ಕುರ್ಚಿಯ ಬಗ್ಗೆ ಒಂದಕ್ಷರ ಇರಲಿಲ್ಲ.

ಹಾಗಾಗಿ ನೀವು ಕೊಳ್ಳೋಕೆ ಹೊರಟಿದ್ದರೆ, ಯಾವ ವಾದ್ಯಕ್ಕೆ ಯಾವ ಮ್ಯೂಟ್ ಹಾಕಿ ನುಡಿಸಿದ್ದಾರೆ ಅಂತ ಮೊದಲು ಮೇಲ್ ಮಾಡಿ ಕೇಳಿ. ಉತ್ತರದಲ್ಲಿ ಸ್ಟ್ರೈಟ್, ಕಪ್, ಹಾರ್ಮನ್ ಅಂತ ಹೆಸರು ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಬೇರೇನೂ ಸೇರಿಸದೆ ಒಂಟಿ ವಾದ್ಯ ಮೆತ್ತಗಿನಿಂದ ಜೋರಿನವರೆಗೆ ನುಡಿಸಿದ ವಿಡಿಯೊ ಇದ್ದರೆ ಹುಡುಕಿ ಕೇಳಿ. ಜೋರಾದಾಗ ದನಿಯ ಬಣ್ಣವೇ ಬದಲಾಗಬೇಕು. ಬರೀ ವಾಲ್ಯೂಮ್ ಏರಿದರೆ ಒಂದೇ ಸ್ಯಾಂಪಲನ್ನು ಎಳೆದಾಡಿದ್ದಾರೆ ಅಂತ ಲೆಕ್ಕ. ಟ್ರಯಲ್ ಇದ್ದರೆ ಅದನ್ನೇ ಮೊದಲು ತೆಗೆದುಕೊಳ್ಳಿ. ಸೀರಿಯಲ್ ನಂಬರ್ ಹಾಕುವ ಮುಂಚೆ ವಾಪಸಾತಿ ನಿಯಮ ಓದಿ, ಬೂದು ಅಕ್ಷರದ್ದನ್ನೂ ಸೇರಿಸಿ.

ನಾಟಕಕ್ಕೆ ಕೊನೆಗೆ ಮೇಷ್ಟ್ರೇ ಊದಿದರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಜಮಖಾನ ಕಟ್ಟಿ, ಫ್ಯಾನ್ ಆಫ್ ಮಾಡಿ, ಪಕ್ಕದ ಮನೆಯ ಕುಕ್ಕರ್ ಕೂಗು ನಿಲ್ಲೋವರೆಗೆ ಕಾದು ರೆಕಾರ್ಡ್ ಮಾಡಿದೆವು. ಎರಡು ಸ್ಥಾಯಿಯಲ್ಲಿ ಮೂರು ಮೂರು ಅರ್ಧ ಮೆಟ್ಟಿಲಿಗೊಂದರಂತೆ ಒಂಬತ್ತು ಸ್ವರ, ಮೆತ್ತಗೆ ಒಂದು, ಜೋರಾಗಿ ಒಂದು, ಎಲ್ಲವೂ ಎರಡೆರಡು ಸಲ. ಒಟ್ಟು 36. ಮಾವನಿಗೆ ಅಷ್ಟು ಸಾಕಾಯಿತು. ದುಡ್ಡು ಬೇಡ ಅಂದರು ಮೇಷ್ಟ್ರು, ಮ್ಯೂಟಿಗೆ ಹೊಸ ಕಾರ್ಕ್ ತಂದುಕೊಡು ಅಂದರು. ಅದನ್ನು ಇನ್ನೂ ಹುಡುಕುತ್ತಿದ್ದೇನೆ. ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ.